ಜವಳಗಿರಿಯ ಹುಣಸೆ ಮತ್ತು ವಾಪಸು ಬಂದ ಸಂಚಕಾರ

ನಮ್ಮ ಹೆಸರೇ ವ್ಯಾಪಾರದಿಂದ ಬಂದದ್ದು ಎಂದು ಬ್ಯಾರಿಗಳು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ತುಳುವಿನಲ್ಲಿ 'ಬ್ಯಾರ' ಅಂದರೆ ವ್ಯಾಪಾರ, ಬ್ಯಾರ ಮಾಡುವವನು ಬ್ಯಾರಿ. ಅರಬಿಯ 'ಬಹ್ರ್', ಅಂದರೆ ಕಡಲು, ಎಂಬ ಪದದಿಂದ ಬಂತು ಎನ್ನುವವರೂ ಇದ್ದಾರೆ. ಆ ಜಗಳ ಈಗ ಬೇಡ. ಕೊಂಡು ಗೆದ್ದವರ, ಮಾರಿ ಸೋತವರ ಕಥೆಗಳು ನಮ್ಮ ಮನೆಗಳಲ್ಲಿ ಬೇಕಾದಷ್ಟಿವೆ. ಕೊಳ್ಳುತ್ತೇನೆ ಎಂದು ಮಾತು ಕೊಟ್ಟು ಕೊಳ್ಳದೆ ಉಳಿದವರ ಕಥೆಯನ್ನು ಮಾತ್ರ ಯಾರೂ ಹೇಳುವುದಿಲ್ಲ. ನಾನು ಒಂದನ್ನು ಹೇಳುತ್ತೇನೆ. ಅದು ನನ್ನ ಉಪ್ಪನದು.

1988ರ ಜನವರಿ. ನನಗೆ ಹದಿಮೂರು ವರ್ಷ. ಮಂಗಳೂರಿನ ಬಂದರಿನಲ್ಲಿ ಉಪ್ಪನಿಗೆ ಹುಣಸೆ, ಒಣಮೆಣಸು, ಕೊತ್ತಂಬರಿಯ ಸಣ್ಣ ಸಗಟು ಅಂಗಡಿ ಇತ್ತು. ಕರಾವಳಿಯಲ್ಲಿ ಹುಣಸೆ ಇಲ್ಲದೆ ಮೀನು ಸಾರು ಆಗುವುದಿಲ್ಲ, ಆದರೆ ಹುಣಸೆ ಬರುವುದೆಲ್ಲ ಘಟ್ಟದ ಮೇಲಿನ ಒಣ ಸೀಮೆಯಿಂದ. ಆ ವರ್ಷ ದಲ್ಲಾಳಿಯನ್ನು ಬಿಟ್ಟು ನೇರ ಮರದಿಂದಲೇ ಕೊಳ್ಳುವ ಆಸೆ ಉಪ್ಪನಿಗೆ ಹುಟ್ಟಿತು. ಹೊಸೂರಿನಲ್ಲಿ ಹೋಟೆಲ್ ಇಟ್ಟಿದ್ದ ಸಂಬಂಧಿಕರೊಬ್ಬರು ಜವಳಗಿರಿಯ ಒಬ್ಬ ರೈತರ ಹೆಸರು ಹೇಳಿದರು. ಶಾಲೆಗೆ ರಜೆ ಹಾಕಿಸಿ ನನ್ನನ್ನೂ ಕರೆದುಕೊಂಡು ಹೋದರು.

ಜವಳಗಿರಿ ಹೊಸೂರಿಗೆ ದಕ್ಷಿಣದಲ್ಲಿ, ತಳಿಗೆ ಹತ್ತಿರ, ಕಾಡಿಗೆ ಒರಗಿಕೊಂಡಿರುವ ಊರು. ಬಸ್ಸಿನ ಬೋರ್ಡು ತಮಿಳು, ಮನೆಯ ಮಾತು ಕನ್ನಡ ಅಥವಾ ತೆಲುಗು. ನಾವು ಹೋದಾಗ ಅದು ಧರ್ಮಪುರಿ ಜಿಲ್ಲೆ. 1965ಕ್ಕೆ ಮೊದಲು ಸೇಲಂ ಜಿಲ್ಲೆಯಾಗಿತ್ತು, 2004ರಿಂದ ಕೃಷ್ಣಗಿರಿ ಜಿಲ್ಲೆಯಾಯಿತು. ಬನ್ನೇರುಘಟ್ಟದ ಕಡೆಯ ಆನೆಗಳು ವರ್ಷ ವರ್ಷ ರಾಗಿ ಬಲಿಯುವ ಹೊತ್ತಿಗೆ ಈ ಕಾಡನ್ನು ಹಾದೇ ಬರುತ್ತವೆ. ಅಂಥ ಊರಿನಲ್ಲಿ ರಾಗಿಯನ್ನು ಕಾಯಬೇಕು, ಅವರೆಯನ್ನು ಕಾಯಬೇಕು. ಹುಣಸೆ ಮರ ಬೇಲಿಯಲ್ಲಿ ತನ್ನ ಪಾಡಿಗೆ ನಿಂತು ವರ್ಷಕ್ಕೊಮ್ಮೆ ಕೈಗೆ ನಗದು ಕೊಡುತ್ತದೆ.

ಆ ರೈತರದು ಹನ್ನೊಂದು ಮರ. ಕಾಯಿ ಬಲಿತು ಕಂದು ಬಣ್ಣಕ್ಕೆ ತಿರುಗಿತ್ತು. ಉಪ್ಪ ಒಂದೊಂದು ಮರದ ಸುತ್ತ ನಡೆದು, ಒಂದೆರಡು ಕಾಯಿ ಒಡೆದು, ನಾಲಿಗೆಗೆ ಹಚ್ಚಿ ನೋಡಿದರು. ಒಟ್ಟು ನಾಲ್ಕು ಸಾವಿರದ ನಾನೂರಕ್ಕೆ ಮಾತಾಯಿತು. ಬಡಿಯುವ ಕೂಲಿ, ಸಾಗಾಟ ನಮ್ಮದು. ಇಪ್ಪತ್ತು ದಿನದೊಳಗೆ ಆಳು ಕಳಿಸುವುದು. ಉಪ್ಪ ಐನೂರು ರೂಪಾಯಿ ಎಣಿಸಿ ಕೊಟ್ಟರು. ರೈತರು ಅದನ್ನು ಕಣ್ಣಿಗೊತ್ತಿಕೊಂಡು, "ಸಂಚಕಾರ ಬಂತು, ಇನ್ನು ಬೇರೆಯವ್ರಿಗೆ ಮಾತಿಲ್ಲ" ಅಂದರು. ನಮಗೆ ರಾಗಿ ಮುದ್ದೆ, ಅವರೆಕಾಳು ಸಾರು. ನನಗೆ ಮುದ್ದೆ ನುಂಗಲು ಬರಲಿಲ್ಲ, ಅವರ ಮಗ ನನಗಿಂತ ಸ್ವಲ್ಪ ದೊಡ್ಡವನು, ನಕ್ಕ.

'ಸಂಚಕಾರ' ಎಂಬ ಪದವನ್ನು ನಾನು ಆವರೆಗೆ ಕೇಳಿದ್ದು ಪತ್ರಿಕೆಗಳಲ್ಲಿ, 'ಜೀವಕ್ಕೆ ಸಂಚಕಾರ' ಎಂಬ ಅರ್ಥದಲ್ಲಿ ಮಾತ್ರ. ಐನೂರು ರೂಪಾಯಿ ತೆಗೆದುಕೊಂಡು ಸಂಚಕಾರ ಬಂತು ಎನ್ನುತ್ತಾರಲ್ಲ ಎಂದು ಆಶ್ಚರ್ಯವಾಗಿತ್ತು. ಪದದ ಮೂಲ ಅರ್ಥ ಅವರದೇ. ಸಂಚಕಾರ ಎಂದರೆ ವ್ಯಾಪಾರ ಕುದುರಿದ ಗುರುತಿಗೆ ಕೊಡುವ ಮುಂಗಡ. ಸಂಸ್ಕೃತದಲ್ಲಿ ಅದು 'ಸತ್ಯಂಕಾರ', ಮಾತನ್ನು ಸತ್ಯ ಮಾಡುವಂಥದ್ದು. ತೆಲುಗಿನಲ್ಲೂ ಸಂಚಕಾರ ಇದೆ, ತಮಿಳಿನವರು 'ಅಚ್ಚಾರಂ' ಎನ್ನುತ್ತಾರೆ, ಉರ್ದುವಿನವರು 'ಬಯಾನ'. ಮುಂಗಡ ಎಂಬ ಒಳ್ಳೆಯ ಪದ ಕನ್ನಡದಲ್ಲಿ ಹೇಗೆ ಅಪಾಯ ಎಂಬ ಪದವಾಯಿತೋ! ಒಮ್ಮೆ ಸಂಚಕಾರ ಬಿದ್ದರೆ ಆ ವಸ್ತು ನಿಮ್ಮ ಕೈತಪ್ಪಿದಂತೆಯೇ, ಜೀವಕ್ಕೆ ಸಂಚಕಾರ ಬಿತ್ತು ಎಂದರೆ ಯಮ ಮುಂಗಡ ಕೊಟ್ಟು ಹೋದ ಎಂದು ಯಾರೋ ಮೊದಲು ಹೇಳಿರಬೇಕು. ಇದು ನನ್ನ ಊಹೆ, ಭಾಷಾ ಪಂಡಿತರು ಕ್ಷಮಿಸಬೇಕು.

ಈ ಸಂಚಕಾರ ಯಾರಿಗೆ ಸೇರಬೇಕು ಎಂಬ ಪ್ರಶ್ನೆಗೆ ಉತ್ತರ ಬರೆದಿಟ್ಟವರಲ್ಲಿ ನಮ್ಮ ನಾಡಿನವರೇ ಒಬ್ಬರಿದ್ದಾರೆ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಸತ್ಯಂಕಾರವಾಗಿ ಕೊಟ್ಟದ್ದನ್ನು ಎರಡರಷ್ಟಾಗಿ ಹಿಂದಿರುಗಿಸಬೇಕು ಎಂಬ ಒಂದು ಸಾಲಿನ ವಿಧಿ ಇದೆ. ಯಾರು ಯಾರಿಗೆ, ಯಾವಾಗ ಎಂದು ಅದರಲ್ಲಿ ಸ್ಪಷ್ಟವಿಲ್ಲ. ಅದನ್ನು ಬಿಡಿಸಿದ್ದು ವಿಜ್ಞಾನೇಶ್ವರ, ಚಾಲುಕ್ಯ ಆರನೇ ವಿಕ್ರಮಾದಿತ್ಯನ (1076–1126) ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಮಿತಾಕ್ಷರಾ ಬರೆಯುತ್ತಾ. ಅವನು ಕೊಡುವ ಉದಾಹರಣೆ ಉಂಗುರದ್ದು. ಕೊಳ್ಳುವವನು ಮಾತಿನ ಭದ್ರತೆಗೆ ಬೆರಳಿನ ಉಂಗುರ ಕಳಚಿ ಮಾರುವವನ ಕೈಯಲ್ಲಿಡುತ್ತಾನೆ. ಉಂಗುರ ಕೊಟ್ಟವನೇ ಮಾತಿಗೆ ತಪ್ಪಿದರೆ ಉಂಗುರ ಹೋಯಿತು, ಅಷ್ಟೇ. ತೆಗೆದುಕೊಂಡವನು ತಪ್ಪಿದರೆ ಎರಡರಷ್ಟು ಕೊಡಬೇಕು. ಇದಕ್ಕೆ ಐದು ಶತಮಾನ ಹಿಂದೆ, 533ರಲ್ಲಿ, ರೋಮನ್ ಚಕ್ರವರ್ತಿ ಜಸ್ಟಿನಿಯನ್ ಮಾಡಿಸಿದ ಕಾನೂನು ಪಠ್ಯದಲ್ಲೂ ಇದೇ ಲೆಕ್ಕವಿದೆ. ಕೊಳ್ಳುವವನು ಹಿಂಜರಿದರೆ ಮುಂಗಡ ಕಳೆದುಕೊಳ್ಳುತ್ತಾನೆ, ಮಾರುವವನು ಹಿಂಜರಿದರೆ ಇಮ್ಮಡಿ. ಒಬ್ಬರದನ್ನು ಇನ್ನೊಬ್ಬರು ಓದಿ ಬರೆದದ್ದಲ್ಲ. ಸಂತೆಯಲ್ಲಿ ನಿಂತವರಿಗೆಲ್ಲ ಹೊಳೆಯುವ ಲೆಕ್ಕ ಅದು.

ಹಳೆಯ ಧರ್ಮಶಾಸ್ತ್ರಗಳಲ್ಲಿ ನನಗೆ ಇನ್ನೂ ಹಿಡಿಸಿದ್ದು ದಿನದ ಲೆಕ್ಕ. ಕೊಂಡ ಮೇಲೆ ಮನಸ್ಸು ಬದಲಾಗುವುದನ್ನು ಅವರು ಪಾಪ ಎಂದು ತಳ್ಳಿಹಾಕಲಿಲ್ಲ, ಅದಕ್ಕೆ 'ಅನುಶಯ' ಎಂದು ಹೆಸರಿಟ್ಟು ಒಂದು ಅಧ್ಯಾಯವನ್ನೇ ಕೊಟ್ಟರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವ್ಯಾಪಾರಿಗೆ ಒಂದು ರಾತ್ರಿ, ಬೇಸಾಯಗಾರನಿಗೆ ಮೂರು ರಾತ್ರಿ, ದನ ಕಾಯುವವನಿಗೆ ಐದು ರಾತ್ರಿ ಅವಕಾಶ. ಮನು ಹತ್ತು ದಿನ ಎನ್ನುತ್ತಾನೆ. ಯಾಜ್ಞವಲ್ಕ್ಯ ವಸ್ತುವಿನ ಮೇಲೆ ನಿರ್ಧರಿಸುತ್ತಾನೆ. ಹಾಲು ಕರೆಯುವ ಹಸುವನ್ನು ಪರೀಕ್ಷಿಸಲು ಮೂರು ದಿನ, ಹೊರೆ ಎಳೆಯುವ ಪ್ರಾಣಿಗೆ ಐದು, ರತ್ನಕ್ಕೆ ಏಳು, ಬಿತ್ತನೆ ಬೀಜಕ್ಕೆ ಹತ್ತು. ಕಬ್ಬಿಣಕ್ಕೆ ಒಂದೇ ದಿನ ಸಾಕು. ನಾರದ ಇನ್ನೂ ಸೂಕ್ಷ್ಮ. ಕೊಂಡ ದಿನವೇ ಹಾಳಾಗದಂತೆ ಹಿಂದಿರುಗಿಸಿದರೆ ಪೂರ್ತಿ ಹಣ ವಾಪಸು. ಎರಡನೆಯ ದಿನ ಬೆಲೆಯ ಮೂವತ್ತನೇ ಒಂದು ಭಾಗ ಬಿಡಬೇಕು, ಮೂರನೆಯ ದಿನ ಅದರ ಎರಡರಷ್ಟು. ಆಮೇಲೆ ವಸ್ತು ಕೊಂಡವನದೇ. ಇಲ್ಲಿ ವ್ಯಾಪಾರ ಬಿಟ್ಟುಹೋದದ್ದಕ್ಕಿಂತ ಎಷ್ಟು ತಡವಾಗಿ ಬಿಟ್ಟ ಎಂಬುದಕ್ಕೆ ಹೆಚ್ಚು ಬೆಲೆ ಕಟ್ಟಿದ್ದಾರೆ.

ಈಗ ಉಪ್ಪನ ಕಥೆಗೆ ಬರುತ್ತೇನೆ, ತಡ ಮಾಡಿದ್ದೇ ಅಲ್ಲಿ ನಡೆದದ್ದು. ನಾವು ಊರಿಗೆ ಬಂದ ಎರಡೇ ವಾರದಲ್ಲಿ ಬಂದರಿನಲ್ಲಿ ಹುಣಸೆಯ ಧಾರಣೆ ಇಳಿಯತೊಡಗಿತು. ಕೂಲಿ, ಲಾರಿ ಬಾಡಿಗೆ ಸೇರಿಸಿದರೆ ಜವಳಗಿರಿಯ ಮಾಲು ನಷ್ಟಕ್ಕೆ ಬೀಳುತ್ತಿತ್ತು. ಉಪ್ಪ ಧಾರಣೆ ಏರುತ್ತದೆಯೋ ಎಂದು ಕಾದರು. ಇಪ್ಪತ್ತು ದಿನ ಕಳೆಯಿತು, ಮೂವತ್ತೂ ಕಳೆಯಿತು. ಒಂದು ಕಾರ್ಡು ಬರೆಯಬಹುದಿತ್ತು, ಹೊಸೂರಿನ ಸಂಬಂಧಿಕರ ಹೋಟೆಲಿಗೆ ಟ್ರಂಕ್ ಕಾಲ್ ಮಾಡಬಹುದಿತ್ತು. ಮಾಡಲಿಲ್ಲ. 'ಬೇಡ' ಎಂದು ಹೇಳುವ ನಾಚಿಕೆಗೆ ಅವರು ಸುಮ್ಮನಿದ್ದರು ಎಂದು ನಾನು ಬಹಳ ಕಾಲ ನಂಬಿದ್ದೆ. ಈಗ ಹಾಗನಿಸುವುದಿಲ್ಲ. ಸುಮ್ಮನಿದ್ದಷ್ಟು ದಿನ ಮರ ಅವರ ಕೈಯಲ್ಲೇ ಇತ್ತು. ಧಾರಣೆ ಏರಿದರೆ ಬಡಿಸಬಹುದು, ಇಳಿದರೆ ಬಿಡಬಹುದು. ಐನೂರು ರೂಪಾಯಿಗೆ ಅವರು ಜವಳಗಿರಿಯ ಒಂದು ಮನೆಯ ಕೈಕಟ್ಟಿ ಕೂರಿಸಿದ್ದರು.

ಫೆಬ್ರವರಿ ಕೊನೆಗೆ ಉಪ್ಪ ಹೊಸೂರಿಗೆ ಬೇರೆ ಕೆಲಸಕ್ಕೆ ಹೋದಾಗ ಜವಳಗಿರಿಗೂ ಹೋದರು, ನಾನು ಜೊತೆಗಿದ್ದೆ. ನಡುವೆ ಅಕಾಲದ ಮಳೆ ಬಿದ್ದಿತ್ತು. ಮರದಲ್ಲೇ ಉಳಿದ ಹಣ್ಣು ಕಪ್ಪಾಗಿತ್ತು, ಕೆಳಗೆ ಬಿದ್ದದ್ದನ್ನು ಹುಳು ಹಿಡಿದಿತ್ತು. ಡೆಂಕಣಿಕೋಟೆಯ ವ್ಯಾಪಾರಿಯೊಬ್ಬರು ಬಂದು ಕೇಳಿದಾಗ ಸಂಚಕಾರ ತಗೊಂಡಿದ್ದೇವೆ ಎಂದು ಕಳಿಸಿದ್ದರಂತೆ. ಉಪ್ಪ ತನ್ನ ಕಷ್ಟ ಹೇಳಿದರು. ರೈತರು ಬಯ್ಯಲಿಲ್ಲ. ಒಳಗೆ ಹೋಗಿ ಅದೇ ಐನೂರು ತಂದು, "ಸಾಬ್ರೇ, ನಿಮ್ ದುಡ್ಡು ನಿಮ್ಗಿರ್ಲಿ, ಸಂಚಕಾರ ಉಣ್ಣೋ ಮನೆ ಅಲ್ಲ ನಮ್ದು" ಅಂದರು. ಉಪ್ಪ ತೆಗೆದುಕೊಂಡರು.

ಬಸ್ಸಿನಲ್ಲಿ ನಾನು ಕೇಳಿದೆ, ಅದನ್ನು ಬಿಟ್ಟು ಬರಬಹುದಿತ್ತಲ್ಲ ಎಂದು. ಉಪ್ಪ ಮೊದಲೇ ಉಸ್ತಾದರನ್ನು ವಿಚಾರಿಸಿಕೊಂಡಿದ್ದರು. ನಮ್ಮದು ಶಾಫಿಈ ಮದ್‌ಹಬ್. ಅದರಲ್ಲಿ 'ಉರ್ಬೂನ್', ಅಂದರೆ ವ್ಯಾಪಾರ ಮುರಿದರೆ ಮುಂಗಡ ಮಾರುವವನದೇ ಎಂಬ ಷರತ್ತು, ಸಿಂಧುವಲ್ಲ. ಏನನ್ನೂ ಕೊಡದೆ ಇನ್ನೊಬ್ಬರ ಹಣ ಇಟ್ಟುಕೊಂಡಂತೆ ಆಗುತ್ತದೆ ಎಂಬುದು ಕಾರಣ. ಹನಫಿ, ಮಾಲಿಕಿ ವಿದ್ವಾಂಸರೂ ಹಾಗೆಯೇ ಹೇಳಿದ್ದಾರೆ. "ಅವರು ಕೊಟ್ಟದ್ದು ಸರಿಯೇ, ನಾನು ಇಸಕೊಂಡದ್ದೂ ಸರಿಯೇ" ಎಂದರು ಉಪ್ಪ. ಕಿಟಕಿಯ ಕಡೆ ತಿರುಗಿ ಕುಳಿತರು.

ಈ ಉತ್ತರ ನನ್ನನ್ನು ಮೂವತ್ತು ವರ್ಷ ಕಾಡಿದೆ. ಉಸ್ತಾದರು ತಪ್ಪು ಹೇಳಿರಲಿಲ್ಲ. ಆದರೆ ಉಪ್ಪ ಕೇಳಿದ್ದು ಅರ್ಧ ಪ್ರಶ್ನೆ. ಮುಂಗಡ ನುಂಗಬಾರದು ಎನ್ನುವ ಅದೇ ಫಿಕ್ಹ್, ಮಾತಾದ ಮೇಲೆ ಒಬ್ಬನೇ ಎದ್ದು ಹೋಗಲು ಬಿಡುವುದೂ ಇಲ್ಲ. ಕೊಳ್ಳುವವನೂ ಮಾರುವವನೂ ಕುಳಿತ ಜಾಗದಿಂದ ಬೇರ್ಪಡುವವರೆಗೆ ಇಬ್ಬರಿಗೂ ಮನಸ್ಸು ಬದಲಿಸುವ ಹಕ್ಕಿದೆ. ಅದಕ್ಕೆ 'ಖಿಯಾರುಲ್ ಮಜ್ಲಿಸ್' ಎಂದು ಹೆಸರು, ಶಾಫಿಈಗಳು ಅದನ್ನು ಗಟ್ಟಿಯಾಗಿ ಹಿಡಿದವರು. (ದನದ ಸಂತೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುವುದನ್ನು ನೀವು ನೋಡಿರಬಹುದು. ಬೆರಳು ಹಿಡಿದಿರುವ ತನಕ ಏನೂ ನಿಶ್ಚಯವಲ್ಲ. ನನಗೆ ಮಜ್ಲಿಸ್ ಎಂದರೆ ಅದೇ ನೆನಪಾಗುತ್ತದೆ.) ಬೇಕಿದ್ದರೆ ಮೂರು ದಿನದ ಗಡುವನ್ನು ಮೊದಲೇ ಮಾತಾಡಿಕೊಳ್ಳಬಹುದು. ಇವೆರಡೂ ಮುಗಿದ ಮೇಲೆ ವ್ಯಾಪಾರ ಕಟ್ಟುನಿಟ್ಟು. ಕೊಂಡವನು ಪೂರ್ತಿ ಬೆಲೆಗೆ ಬದ್ಧ. ಅವನಿಗೆ ಉಳಿಯುವ ಒಂದೇ ದಾರಿ 'ಇಖಾಲ', ಅಂದರೆ ಎದುರಿನವನ ಬಳಿ ಹೋಗಿ ನನ್ನನ್ನು ಬಿಟ್ಟುಬಿಡು ಎಂದು ಕೇಳುವುದು. ಹಾಗೆ ಬಿಟ್ಟುಕೊಟ್ಟವನ ತಪ್ಪುಗಳನ್ನು ಅಲ್ಲಾಹನು ಮನ್ನಿಸುತ್ತಾನೆ ಎಂಬ ಅರ್ಥದ ಹದೀಸ್ ಇದೆ. ಪುಣ್ಯ ಬಿಟ್ಟುಕೊಟ್ಟವನಿಗೆ, ಕೇಳಿದವನಿಗಲ್ಲ.

ಅಂದರೆ ಜವಳಗಿರಿಯ ರೈತರು ಅಂದು ಕೊಟ್ಟದ್ದು ಐನೂರು ರೂಪಾಯಿ ಮಾತ್ರ ಅಲ್ಲ. ನಾಲ್ಕು ಸಾವಿರದ ನಾನೂರರ ಹಕ್ಕನ್ನೇ ಬಿಟ್ಟುಕೊಟ್ಟರು. ಉಪ್ಪ ಶಾಸ್ತ್ರದಿಂದ ತಮಗೆ ಬೇಕಾದ ಮುಂಗಡದ ಮಾತನ್ನು ತೆಗೆದುಕೊಂಡರು, ಬಿಟ್ಟುಹೋಗುವ ಸ್ವಾತಂತ್ರ್ಯವನ್ನು ಮಾತ್ರ ಸಂತೆಯ ರೂಢಿಯಿಂದ ತೆಗೆದುಕೊಂಡರು. ಸಂತೆಯ ರೂಢಿಯಲ್ಲಿ ಬಿಟ್ಟುಹೋಗಬಹುದು, ಉಂಗುರ ಹೋಗುತ್ತದೆ. ಶಾಸ್ತ್ರದಲ್ಲಿ ಉಂಗುರ ವಾಪಸು ಬರುತ್ತದೆ, ಬಿಟ್ಟುಹೋಗುವಂತಿಲ್ಲ. ಎರಡೂ ಇಡಿಯಾಗಿ ನ್ಯಾಯವೇ. ಎರಡರ ಅನುಕೂಲದ ಭಾಗಗಳನ್ನು ಮಾತ್ರ ಹೊಲಿದುಕೊಂಡರೆ ಕೊಳ್ಳುವವನಿಗೆ ಯಾವ ನಷ್ಟವೂ ಇಲ್ಲ, ಎಲ್ಲವೂ ಮಾರುವವನ ತಲೆಗೆ. ಇಂದು ಸೈಟು, ಮನೆ, ಕಾರುಗಳ ವ್ಯವಹಾರದಲ್ಲಿ ನಮ್ಮ ಹುಡುಗರು ಮಾಡುವುದನ್ನು ನೋಡಿದಾಗ ಇದೇ ಹೊಲಿಗೆ ಕಾಣುತ್ತದೆ. ಕಾರು ಮಾರುವವನನ್ನು ಎರಡು ತಿಂಗಳು ಕಾಯಿಸಿ, ಆಮೇಲೆ ಅಡ್ವಾನ್ಸ್ ಇಟ್ಟುಕೊಳ್ಳುವುದು ಹರಾಮ್ ಎಂದು ಅವನಿಗೇ ಪಾಠ ಹೇಳುತ್ತಾರೆ.

ಹಂಬಲಿ ಮದ್‌ಹಬ್ ಉರ್ಬೂನನ್ನು ಒಪ್ಪಿದೆ ಎಂಬುದನ್ನೂ ಹೇಳಬೇಕು. ಅವರ ಆಧಾರ ಖಲೀಫ ಉಮರ್ ಅವರ ಕಾಲದ ಒಂದು ವ್ಯವಹಾರ. ಮಕ್ಕಾದಲ್ಲಿ ಸೆರೆಮನೆಗೆಂದು ಸಫ್ವಾನ್ ಬಿನ್ ಉಮಯ್ಯ ಅವರ ಮನೆಯನ್ನು ನಾಫಿಅ್ ಬಿನ್ ಅಬ್ದುಲ್ ಹಾರಿಸ್ ಕೊಂಡರು. ಉಮರ್ ಒಪ್ಪಿದರೆ ವ್ಯಾಪಾರ, ಒಪ್ಪದಿದ್ದರೆ ಸಫ್ವಾನರಿಗೆ ಇಂತಿಷ್ಟು ಹಣ ಎಂಬ ಷರತ್ತಿನ ಮೇಲೆ. 1993ರಲ್ಲಿ ಬ್ರೂನೈಯಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ ಕೂಡ ಉರ್ಬೂನ್ ಆಗಬಹುದು ಎಂದಿತು, ಆದರೆ ಕಾಯುವ ಅವಧಿ ಮೊದಲೇ ನಿಗದಿಯಾಗಿರಬೇಕು. ನಾರದನ ಮೂರು ದಿನ ಇಲ್ಲಿ ಮತ್ತೆ ತಲೆ ಎತ್ತಿತು ಅನಿಸಿತು ನನಗೆ.

ನಮ್ಮ ಮಂಗಳೂರಿನದೇ ಒಂದು ಹಳೆಯ ಮುಂಗಡದ ಜಗಳ ದಾಖಲೆಯಲ್ಲಿ ಉಳಿದಿದೆ, ತಲೆಕೆಳಗಾದ ರೂಪದಲ್ಲಿ. ಟ್ಯುನೀಷಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬಿನ್ ಯಿಜು 1132ರ ಸುಮಾರಿಗೆ ಮಂಗಳೂರಿಗೆ ಬಂದು ಹದಿನೇಳು ವರ್ಷದಷ್ಟು ಕಾಲ ಇಲ್ಲಿದ್ದ. ಅವನ ಪತ್ರಗಳು ಕೈರೋದ ಗೆನಿಝಾದಲ್ಲಿ ಸಿಕ್ಕಿವೆ. ಏಲಕ್ಕಿಗೆಂದು ಇಲ್ಲಿನ 'ಕಾರ್ದಾರ'ನೊಬ್ಬನಿಗೆ ಮುಂಗಡ ಕೊಟ್ಟಿದ್ದರು, ಏಲಕ್ಕಿ ಬರಲಿಲ್ಲ, ಹಣವೂ ಬರಲಿಲ್ಲ. ಅದರಲ್ಲಿ ಪಾಲಿದ್ದ ಏಡನ್ನಿನ ಗೆಳೆಯ ಬಿನ್ ಯಿಜುವಿಗೆ ಬರೆಯುತ್ತಾನೆ: ನೀನು ಮೆತ್ತಗೆ ಕೇಳಿದ್ದೀ, ಇನ್ನು ಹೆದರಿಸು, ಮಾತು ತಪ್ಪಿದವರನ್ನು ನಾವಿಲ್ಲಿ ಬಹಿರಂಗವಾಗಿ ಖಂಡಿಸುತ್ತೇವೆ ಎಂದು ಹೇಳು, ಆಗಲೂ ಕೊಡದಿದ್ದರೆ ಖಂಡನೆಯ ಪತ್ರವನ್ನೇ ಕಳಿಸುತ್ತೇವೆ ಎಂಬ ಭಾವ. ಕಡಲಾಚೆ ಪೊಲೀಸರಿಲ್ಲ, ಕೋರ್ಟಿಲ್ಲ. ಇದ್ದದ್ದು ಮಾನ ಒಂದೇ.

ಕೋರ್ಟು ಬಂದ ಮೇಲೆ ಏನಾಯಿತು? 1872ರ ಕರಾರು ಕಾಯಿದೆ ಮಾತು ತಪ್ಪಿದವನಿಂದ ತಕ್ಕ ಪರಿಹಾರ ಕೊಡಿಸಬೇಕು ಎಂದಿತು. 1926ರಲ್ಲಿ ಪ್ರಿವಿ ಕೌನ್ಸಿಲ್, ಕೊಳ್ಳುವವನ ತಪ್ಪಿನಿಂದ ವ್ಯವಹಾರ ಬಿದ್ದರೆ ಸಂಚಕಾರ ಮುಟ್ಟುಗೋಲು ಎಂದು ಹೇಳಿತು. ಹಾಗೆಂದು ಮುಂಗಡ ಕೊಟ್ಟದ್ದೆಲ್ಲ ಸಂಚಕಾರವಲ್ಲ. 1969ರ ಮೌಲಾ ಬಕ್ಷ್ ಮೊಕದ್ದಮೆ ಇದಕ್ಕೆ ಒಳ್ಳೆಯ ಉದಾಹರಣೆ. ಸೈನ್ಯಕ್ಕೆ ಆಲೂಗಡ್ಡೆ ಒದಗಿಸಲು ಹತ್ತು ಸಾವಿರ, ಕೋಳಿ, ಮೊಟ್ಟೆ, ಮೀನು ಒದಗಿಸಲು ಎಂಟೂವರೆ ಸಾವಿರ ಠೇವಣಿ ಇಟ್ಟಿದ್ದ ಗುತ್ತಿಗೆದಾರ ಅವರು. ಸರಬರಾಜು ಸರಿಯಾಗಲಿಲ್ಲ, ಸರಕಾರ ಠೇವಣಿ ನುಂಗಿತು. ಇದು ಭದ್ರತಾ ಠೇವಣಿ, ನಿಮಗೆ ನಷ್ಟವಾಗಿದ್ದರೆ ಲೆಕ್ಕ ಕೊಟ್ಟು ಸಾಬೀತು ಮಾಡಿ, ಇಲ್ಲವೇ ಹಿಂದಿರುಗಿಸಿ ಎಂದಿತು ಸುಪ್ರೀಂ ಕೋರ್ಟ್.

ನಮ್ಮ ಹುಣಸೆಗೆ ಹೆಚ್ಚು ಹತ್ತಿರದ್ದು 1930ರ ಸರಕು ಮಾರಾಟ ಕಾಯಿದೆ. ಮರದಲ್ಲಿರುವ ಫಸಲನ್ನು ಕಿತ್ತುಕೊಡುವ ಮಾತಾಗಿದ್ದರೆ ಅದರ ಪ್ರಕಾರ ಅದೂ ಸರಕೇ. ಹಣ ಬಾರದೆ ಕಾದ ಮಾರಾಟಗಾರ, ಬೇರೆಯವರಿಗೆ ಮಾರುತ್ತೇನೆ ಎಂದು ಕೊಂಡವನಿಗೆ ತಿಳಿಸಿ, ಆಮೇಲೂ ಹಣ ಬಾರದಿದ್ದರೆ ಮಾರಬಹುದು, ಕಡಿಮೆ ಬಿದ್ದ ಹಣವನ್ನು ವಸೂಲಿಯೂ ಮಾಡಬಹುದು. ಬೇಗ ಕೆಡುವ ಮಾಲಾದರೆ ತಿಳಿಸುವ ಅಗತ್ಯವೂ ಇಲ್ಲ. ಜವಳಗಿರಿಯ ರೈತರು ಡೆಂಕಣಿಕೋಟೆಯವರಿಗೆ ಧಾರಾಳವಾಗಿ ಮಾರಬಹುದಿತ್ತು, ಒಂದು ಕಾರ್ಡು ಹಾಕಿ. ಅವರಿಗೆ ನಮ್ಮ ವಿಳಾಸವೇ ಗೊತ್ತಿರಲಿಲ್ಲ. ಉಪ್ಪ ಕೊಟ್ಟು ಬಂದಿರಲಿಲ್ಲ.

ಯಾರೂ ತಪ್ಪಿತಸ್ಥರಲ್ಲದ ಸಂದರ್ಭಗಳೂ ಇರುತ್ತವೆ. 2020ರ ಲಾಕ್‌ಡೌನಿನಲ್ಲಿ ವಿಮಾನ ನಿಂತು, ಮದುವೆ ನಿಂತು, ಹೊಸೂರು ಸೀಮೆಯ ಗುಲಾಬಿ ಬೆಳೆಗಾರರು ಹೂವನ್ನು ಕಿತ್ತು ಎಸೆದರು. ಆಗ ಹೂವು ಬೇಡವೆಂದ ವ್ಯಾಪಾರಿಯನ್ನು ಬಯ್ದು ಫಲವಿಲ್ಲ, ಅವನ ಅಂಗಡಿಯೇ ಮುಚ್ಚಿತ್ತು. ಧಾರಣೆ ಇಳಿಯಿತು ಎಂಬುದು ಆ ಜಾತಿಯ ಕಾರಣವಲ್ಲ. ಏರಿದ್ದರೆ ರೈತ ಬಂದು ಇನ್ನಷ್ಟು ಕೊಡಿ ಎಂದರೆ ನಾವು ಕೊಡುತ್ತಿದ್ದೆವೇ?

ಉಪ್ಪ ತೀರಿಕೊಂಡ ಮೇಲೆ ಅವರ ಲೆಕ್ಕದ ಪುಸ್ತಕಗಳನ್ನು ನಾನು ತಂದಿಟ್ಟುಕೊಂಡೆ. 1988ರ ಪುಸ್ತಕದಲ್ಲಿ ಆ ವ್ಯವಹಾರ ಎರಡು ಸಾಲು. 'ಜವಳಗಿರಿ ಮುಂಗಡ 500'. ಒಂದು ತಿಂಗಳ ನಂತರ 'ಜವಳಗಿರಿ ವಾಪಸು 500'. ಲೆಕ್ಕ ಸಮ. ನಾನು ಅದನ್ನು ಮತ್ತೆ ಮತ್ತೆ ನೋಡಿದ್ದೇನೆ. ಆಚೆ ಮನೆಯ ನಷ್ಟಕ್ಕೆ ಈ ಪುಸ್ತಕದಲ್ಲಿ ಕಾಲಂ ಇಲ್ಲ.

ಮೂರು ವರ್ಷದ ಹಿಂದೆ ಬೆಂಗಳೂರಿಗೆ ಹೋದವನು ಜವಳಗಿರಿಗೂ ಹೋದೆ. ಮನೆ ಹುಡುಕಲು ಕಷ್ಟವಾಗಲಿಲ್ಲ, ಹುಣಸೆ ಮರಗಳೇ ಗುರುತು. ಈಗ ಏಳು ಇವೆ. ರೈತರು ತೀರಿಕೊಂಡಿದ್ದಾರೆ. ಮುದ್ದೆ ನುಂಗಲು ಬಾರದ ನನ್ನನ್ನು ನೋಡಿ ನಕ್ಕಿದ್ದ ಮಗ ಈಗ ಅಜ್ಜ. ಮಂಗಳೂರಿನ ಸಾಬರು ಎಂದಾಗ ನೆನಪಾಯಿತು. ಐನೂರು ರೂಪಾಯಿ ಅವರ ನೆನಪಿನಲ್ಲೇ ಇರಲಿಲ್ಲ. ಆ ವರ್ಷದ ಹಣ್ಣಿನ ನಷ್ಟವನ್ನೂ ಅವರು ದೊಡ್ಡದು ಮಾಡಲಿಲ್ಲ, ಮಳೆ ಯಾರ ಮಾತು ಕೇಳುತ್ತದೆ ಅಂದರು. ಆಮೇಲೆ, ಕೇಳದೆಯೇ, ಒಂದು ಮಾತು ಹೇಳಿದರು. "ಆ ಡೆಂಕಣಿಕೋಟೆಯೋರು ನಮ್ಮಪ್ಪನ ಕಾಲದಿಂದ ಬರ್ತಿದ್ರು. ಅವತ್ತು ಕಳಿಸ್ಬಿಟ್ವಲ್ಲ, ಆಮೇಲೆ ನಮ್ ಬಾಗ್ಲಿಗೆ ಅವ್ರು ಬರ್ಲೇ ಇಲ್ಲ. ಹತ್ತು ವರ್ಷ ಸಂತೇಲಿ ಕೂತು ಚಿಲ್ರೆ ಮಾರಿದ್ವಿ."

ನಾನು ಜೇಬಿನಲ್ಲಿ ಒಂದು ಲಕೋಟೆ ಇಟ್ಟುಕೊಂಡು ಹೋಗಿದ್ದೆ. ಆ ಹತ್ತು ವರ್ಷಕ್ಕೆ ಎಷ್ಟು ಎಂದು ಅದರಲ್ಲಿ ಎಣಿಸಿರಲಿಲ್ಲ. ಹೊರಗೆ ತೆಗೆದೆ. ಅವರು ನೋಡಿ, ಹಿಂದಕ್ಕೆ ಸರಿಸಿ, ಒಳಗೆ ಮುದ್ದೆ ಇಡಲು ಹೇಳಿದರು.